ಚರಟದಲ್ಲಿ ಉಳಿದದ್ದು

ನನ್ನ ಕಷಾಯದ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಒಂದು ನೀಲಿಗಪ್ಪು ಕಲೆ ಇದೆ. ಕಬ್ಬಿಣದ ಬಾಣಲೆಯಲ್ಲಿ ಅಳಲೆಕಾಯಿ ಕುದಿಸಿದ ದಿನ ಬಿದ್ದ ಹನಿ ಅದು. ಬಿದ್ದಾಗ ತೆಳು ಬೂದು ಬಣ್ಣವಿತ್ತು, ಒರೆಸಿ ಮಲಗಿದೆ. ಬೆಳಿಗ್ಗೆ ಪುಟ ತೆರೆದರೆ ಮಸಿ ಚೆಲ್ಲಿದ ಹಾಗೆ ಕಪ್ಪಾಗಿತ್ತು. ಮಸಿ ಎಂದರೆ ಮಸಿಯೇ. ಅಳಲೆಕಾಯಿಯ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದೊಡನೆ ಕೂಡಿ, ಗಾಳಿ ತಗುಲಿದಂತೆ ಕಪ್ಪಾಗುತ್ತದೆ. ಯುರೋಪಿನಲ್ಲಿ ಶತಮಾನಗಳ ಕಾಲ ಬರೆಯಲು ಬಳಸಿದ ಶಾಯಿ ಇದೇ ಬಗೆಯದು. ಬಾಣಲೆಯಲ್ಲಿದ್ದ ಕಷಾಯವೂ ಹಾಗೆಯೇ ಕಪ್ಪಗಿತ್ತು. ಅದನ್ನು ನೋಡಿ ಅಪ್ಪ, "ಎಷ್ಟು ಗಟ್ಟಿಯಾಗಿ ಇಳಿದಿದೆಯಮ್ಮ, ಒಳ್ಳೆಯ ಸಾರ ಬಂದಿದೆ" ಎಂದರು.

ಅಪ್ಪನ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕಪ್ಪಗಿದ್ದರೆ ಸಾರವಿದೆ, ಕಹಿಯಾಗಿದ್ದರೆ ಗುಣವಿದೆ ಎಂದು ನಾವೆಲ್ಲರೂ ನಂಬಿಕೊಂಡಿದ್ದೇವೆ. ಆ ದಿನ ಬಣ್ಣ ಕೊಟ್ಟದ್ದು ಬಾಣಲೆಯ ಕಬ್ಬಿಣ. ಕಾಯಿಯಿಂದ ನೀರಿಗೆ ಇಳಿದದ್ದು ಎಷ್ಟು ಎಂಬುದನ್ನು ಆ ಬಣ್ಣ ಹೇಳುವುದೇ ಇಲ್ಲ. ಪ್ರಯೋಗಾಲಯದಲ್ಲಿ ದಿನವಿಡೀ ತೂಗುವುದು, ಅಳೆಯುವುದೇ ನನ್ನ ಕೆಲಸ. ಮನೆಯ ಒಲೆಯ ಮುಂದೆ ಮಾತ್ರ ಕಣ್ಣಂದಾಜನ್ನೇ ನೆಚ್ಚಿಕೊಂಡಿದ್ದೆ. ಅಂದಿನಿಂದ ಕಷಾಯಕ್ಕೆ ಸ್ಟೀಲ್ ಪಾತ್ರೆ, ಪಕ್ಕದಲ್ಲಿ ತಕ್ಕಡಿ, ಒಂದು ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಮಣ್ಣಿನ ಪಾತ್ರೆಯೂ ಒಳ್ಳೆಯದು, ಗಾಜೂ ಒಳ್ಳೆಯದು. ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಬೇಡ. ಒಗರು ಮತ್ತು ಹುಳಿ ಇರುವ ಸಾಮಗ್ರಿಗಳು ಈ ಲೋಹಗಳ ತಂಟೆಗೆ ಹೋಗುತ್ತವೆ.

ಕಷಾಯ ಕಾಸುವುದನ್ನು ನನಗೆ ಕಲಿಸಿದ್ದು ಚಿಕ್ಕಮ್ಮ. ಅವರ ಬಳಿ ಒಂದು ಮರದ ಕಡ್ಡಿ ಇತ್ತು. ಮೊದಲು ಪಾತ್ರೆಗೆ ಕೊನೆಯಲ್ಲಿ ಉಳಿಯಬೇಕಾದಷ್ಟೇ ನೀರು ಹಾಕಿ, ಕಡ್ಡಿ ಇಳಿಸಿ, ನೀರು ಮುಟ್ಟಿದ ಕಡೆ ಚಾಕುವಿನಿಂದ ಗೀರು ಹಾಕುತ್ತಿದ್ದರು. ಆಮೇಲೆ ಪೂರ್ತಿ ನೀರು ಸುರಿದು, ಬೇರು ಹಾಕಿ, ಮತ್ತೆ ಆ ಗೀರಿಗೆ ಇಳಿಯುವವರೆಗೆ ಕಾಯುತ್ತಿದ್ದರು. ಅವರ ಲೆಕ್ಕ ಶಾರ್ಙ್ಗಧರ ಸಂಹಿತೆ ಎಂಬ ಹಳೆಯ ಆಯುರ್ವೇದ ಗ್ರಂಥದ್ದು: ಜಜ್ಜಿದ ದ್ರವ್ಯ ಒಂದು ಪಾಲು, ನೀರು ಹದಿನಾರು ಪಾಲು, ಎಂಟನೆಯ ಒಂದು ಭಾಗ ಉಳಿಯುವವರೆಗೆ ಮಂದ ಉರಿ. ಮೃದುವಾದ ಸೊಪ್ಪಿಗೆ ನಾಲ್ಕು ಪಾಲು ನೀರು, ಮಧ್ಯಮವಾದದ್ದಕ್ಕೆ ಎಂಟು, ಗಟ್ಟಿ ಬೇರು ತೊಗಟೆಗಳಿಗೆ ಹದಿನಾರು ಹಾಕಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಸುವ ಪದ್ಧತಿಯೂ ಇದೆ. ಗಟ್ಟಿಯಾದದ್ದಕ್ಕೆ ಹೆಚ್ಚು ನೀರು ಏಕೆ ಎಂದು ಒಮ್ಮೆ ಕೇಳಿದ್ದೆ. "ಹೆಚ್ಚು ನೀರು ಇದ್ದರೆ ಬತ್ತುವುದಕ್ಕೆ ಹೆಚ್ಚು ಹೊತ್ತು ಬೇಕಲ್ಲ, ಅಷ್ಟು ಹೊತ್ತು ಬೇರು ಬೇಯುತ್ತದೆ" ಎಂದರು. ಗಡಿಯಾರವಿಲ್ಲದವರು ನೀರನ್ನೇ ಗಡಿಯಾರ ಮಾಡಿಕೊಂಡದ್ದು ನನಗೆ ಹೊಳೆದದ್ದು ಆಗ.

ಆದರೆ ಆ ಗಡಿಯಾರ ಸರಿಯಾಗಿ ನಡೆಯಬೇಕಾದರೆ ಉರಿ ಸಣ್ಣದಿರಬೇಕು. "ಅವಸರ ಇದ್ದರೆ ಕಷಾಯಕ್ಕೆ ಕೈ ಹಾಕಬೇಡ" ಎನ್ನುತ್ತಿದ್ದರು ಚಿಕ್ಕಮ್ಮ. ಇದನ್ನು ನಾನು ಥರ್ಮಾಮೀಟರ್ ಹಿಡಿದು ನೋಡಿದ್ದೇನೆ. ಬುಳಬುಳನೆ ಉಕ್ಕಿ ಕುದಿಯುವಾಗಲೂ ಪಾತ್ರೆಯ ನೀರು ಸುಮಾರು 100 ಡಿಗ್ರಿ. ಅಂಚಿನಲ್ಲಿ ನಾಲ್ಕಾರು ಗುಳ್ಳೆ ಏಳುತ್ತ ಮೆಲ್ಲಗೆ ಕುದಿಯುವಾಗಲೂ ಹೆಚ್ಚುಕಡಿಮೆ ಅಷ್ಟೇ. ಉರಿ ಜೋರು ಮಾಡಿದರೆ ನೀರಿನ ಬಿಸಿ ಏರುವುದಿಲ್ಲ, ನೀರು ಬೇಗ ಆವಿಯಾಗುತ್ತದೆ, ಅಷ್ಟೇ. 800 ಮಿಲಿ ನೀರು 200ಕ್ಕೆ ಇಳಿಯಲು ನನ್ನ ಒಲೆಯಲ್ಲಿ ಜೋರು ಉರಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಸಣ್ಣ ಉರಿಗೆ ಐವತ್ತು ನಿಮಿಷ ಬೇಕಾಯಿತು. ಎರಡರಲ್ಲೂ ಲೋಟದಲ್ಲಿ ಇರುವುದು 200 ಮಿಲಿಯೇ. ಆದರೆ ಒಂದರಲ್ಲಿ ಬೇರು ನೀರಿನೊಡನೆ ಇದ್ದ ಹೊತ್ತು ಅರ್ಧಕ್ಕಿಂತ ಕಡಿಮೆ. ಗಂಟುಬೇರಿನ ನಡುಭಾಗಕ್ಕೆ ನೀರು ತಲುಪುವ ಮೊದಲೇ ಪಾತ್ರೆ ಕೆಳಗಿಳಿದಿರುತ್ತದೆ.

ಒಣಗಿದ ಬೇರಿನೊಳಗೆ ಏನು ನಡೆಯುತ್ತದೆ ಎಂದು ಯೋಚಿಸಿದರೆ ಈ ಹೊತ್ತಿನ ಬೆಲೆ ತಿಳಿಯುತ್ತದೆ. ಮೊದಲು ನೀರು ಒಳಗೆ ಹೋಗಬೇಕು. ಸುಕ್ಕುಗಟ್ಟಿದ ಕೋಶಗಳು ಉಬ್ಬಬೇಕು. ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಬಿಸಿಗೆ ಸಡಿಲವಾಗಬೇಕು. ಒಳಗಿನ ಸಾರ ಕರಗಬೇಕು. ಆಮೇಲೆ, ಸಾರ ಹೆಚ್ಚಿರುವ ಒಳಗಿನಿಂದ ಕಡಿಮೆ ಇರುವ ಹೊರಗಿನ ನೀರಿಗೆ ಅದು ತಾನಾಗಿ ಹರಿದುಬರಬೇಕು. ಬಿಸಿ ನೀರು ಈ ಎಲ್ಲಕ್ಕೂ ನೆರವಾಗುತ್ತದೆ. ಕುದಿಯುವ ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ತಣ್ಣೀರಿನದರ ಮೂರನೆಯ ಒಂದು ಪಾಲಿಗಿಂತ ಕಡಿಮೆ; ಸಂದುಗೊಂದುಗಳಲ್ಲಿ ಸಲೀಸಾಗಿ ನುಗ್ಗುತ್ತದೆ. ಇಷ್ಟಾದರೂ ಹೆಬ್ಬೆರಳು ಗಾತ್ರದ ತುಂಡಿನ ನಡುವಿನಿಂದ ಹೊರಗೆ ಬರುವುದು ದೂರದ ದಾರಿ. ಆದ್ದರಿಂದಲೇ ಯವಕುಟ ಮಾಡಬೇಕೆನ್ನುವುದು, ಅಂದರೆ ಕಾಳಿನಷ್ಟು ತರಿತರಿಯಾಗಿ ಕುಟ್ಟುವುದು. ನಯವಾದ ಪುಡಿ ಮಾಡಿದರೆ ಇನ್ನೂ ಬೇಗ ಇಳಿಯುತ್ತದಲ್ಲ ಎಂದು ನಾನೂ ಮಾಡಿ ನೋಡಿದೆ. ತಳ ಹಿಡಿಯಿತು, ಉಕ್ಕಿತು, ಬಟ್ಟೆಯ ಕಣ್ಣು ಕಟ್ಟಿ ಸೋಸಲು ಬರಲಿಲ್ಲ. ಪಾತ್ರೆಯಲ್ಲಿ ಉಳಿದದ್ದು ಕೆಸರು.

ಇನ್ನೊಂದು ಮಾತು: ಬೇರನ್ನು ಕುದಿಯುವ ನೀರಿಗೆ ಹಾಕುವುದಿಲ್ಲ. ತಣ್ಣೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿ, ಅದೇ ನೀರಿನಲ್ಲಿ ಒಲೆಗಿಡುತ್ತೇನೆ. ಒಮ್ಮೆಗೇ ಸುಡುನೀರು ತಗುಲಿದರೆ ಹೊರಮೈಯ ಪಿಷ್ಟ ಗಂಜಿಯಂತಾಗಿ ನೀರಿನ ದಾರಿಯನ್ನೇ ಮುಚ್ಚುತ್ತದೆ.

ಈಗ ಚರಟದ ವಿಷಯ. ಈ ಬರಹ ಬರೆಯಲು ಕುಳಿತದ್ದೇ ಅದಕ್ಕಾಗಿ.

ಜ್ಯೇಷ್ಠಮಧುವಿನ ಬೇರು 50 ಗ್ರಾಂ ಕುಟ್ಟಿ, 800 ಮಿಲಿ ನೀರು ಹಾಕಿ, ಪಾತ್ರೆಯ ಸಮೇತ ಆಗಾಗ ತೂಗುತ್ತ 200 ಮಿಲಿ ಉಳಿಯುವವರೆಗೆ ಇಳಿಸಿದೆ. ನೊರೆ ಬರುವ ಬೇರು ಅದು, ಸೋಪು ಕಲಕಿದ ಹಾಗೆ ಏಳುತ್ತದೆ, ಪಕ್ಕದಲ್ಲೇ ನಿಂತಿರಬೇಕು. ಬಟ್ಟೆಯಲ್ಲಿ ಸೋಸಿ, ಕೈ ನೋಯುವಷ್ಟು ಹಿಂಡಿದೆ. ಬಂದದ್ದು 120 ಮಿಲಿ. ಉಳಿದ 80 ಎಲ್ಲಿ ಹೋಯಿತು? ಹಿಂಡಿದ ಚರಟವನ್ನು ತಕ್ಕಡಿಗೆ ಹಾಕಿದೆ: 115 ಗ್ರಾಂ. 50 ಗ್ರಾಂ ಹಾಕಿದ್ದೆ, ಅದರಲ್ಲೂ ಒಂದಿಷ್ಟು ಕರಗಿ ಹೋಗಿದೆ. ಅಂದರೆ ಆ ಒದ್ದೆ ಮುದ್ದೆಯೊಳಗೆ ನಾನು ಐವತ್ತು ನಿಮಿಷ ಕಾದು ಇಳಿಸಿದ ಕಷಾಯ 80 ಮಿಲಿಯಷ್ಟು ಕುಳಿತಿದೆ. ನೂರಕ್ಕೆ ನಲವತ್ತು ಪಾಲು. ಇಷ್ಟು ವರ್ಷ ಅದನ್ನು ಗಿಡದ ಬುಡಕ್ಕೆ ಸುರಿಯುತ್ತಿದ್ದೆ.

ಅಂದು ಸುರಿಯಲಿಲ್ಲ. ಅದೇ ಚರಟಕ್ಕೆ ಮತ್ತೆ 320 ಮಿಲಿ ನೀರು ಹಾಕಿ, ಮುಚ್ಚಳ ಮುಚ್ಚಿ, ನೀರು ಬತ್ತದಂತೆ ಕಾಲು ಗಂಟೆ ಕುದಿಸಿ ಹಿಂಡಿದೆ. ಎರಡೂ ಕಷಾಯಗಳಿಂದ 10 ಮಿಲಿಯಂತೆ ಅಳೆದು, ಎರಡು ಸಣ್ಣ ತಟ್ಟೆಗಳಿಗೆ ಹಾಕಿ, ಬಿಸಿನೀರಿನ ಆವಿಯ ಮೇಲಿಟ್ಟು ಪೂರ್ತಿ ಒಣಗಿಸಿದೆ. ತಟ್ಟೆಯಲ್ಲಿ ಉಳಿಯುವುದು ಜೇನಿನ ಬಣ್ಣದ ಅಂಟು ಪೊರೆ. ಚಾಕುವಿನ ತುದಿಯಿಂದ ಕೆರೆದರೆ ಗಾಜಿನ ಚೂರಿನಂತೆ ಮುರಿಯುತ್ತದೆ. ಮೊದಲ ತಟ್ಟೆಯಲ್ಲಿ 0.71 ಗ್ರಾಂ. ಎರಡನೆಯದರಲ್ಲಿ 0.17 ಗ್ರಾಂ. ಕೇಳಲು ಎರಡನೆಯದು ಅಲ್ಪವೆನಿಸುತ್ತದೆ. ಆದರೆ ಮೊದಲ ಕಷಾಯ 120 ಮಿಲಿ, ಎರಡನೆಯದು 320. ಗುಣಿಸಿದರೆ ಮೊದಲನೆಯದರಲ್ಲಿ ಎಂಟೂವರೆ ಗ್ರಾಂ ಸಾರ, ಎರಡನೆಯದರಲ್ಲಿ ಐದೂವರೆ ಗ್ರಾಂನಷ್ಟು. ತೆಳ್ಳಗೆ, ಸಪ್ಪೆಯಾಗಿ, ನೋಡಿದರೆ ಯಾರೂ ಬೆಲೆ ಕೊಡದ ಆ ಎರಡನೆಯ ನೀರು ಮೊದಲನೆಯದರ ಮೂರನೆಯ ಎರಡು ಭಾಗದಷ್ಟು ಸಾರ ಹೊತ್ತುಕೊಂಡಿತ್ತು.

ಲೆಕ್ಕ ಸುಲಭವಾಗಿಯೇ ಇದೆ. ಸಾರ ನೀರಿನಲ್ಲೆಲ್ಲ ಸಮನಾಗಿ ಬೆರೆತಿದೆ ಎಂದು ಹಿಡಿಯಿರಿ. 200ರಲ್ಲಿ 80 ಚರಟದಲ್ಲಿ ನಿಂತರೆ ನಷ್ಟ ನೂರಕ್ಕೆ 40. ಆ 80ಕ್ಕೆ 320 ಸೇರಿಸಿ 400 ಮಾಡಿ, ಮತ್ತೆ 80 ಬಿಟ್ಟು ಹಿಂಡಿದರೆ ಉಳಿಯುವುದು 40ರಲ್ಲಿ ಐದನೆಯ ಒಂದು ಭಾಗ, ಅಂದರೆ 8. ಇನ್ನೂ ಬತ್ತಿಸಿ 100 ಮಿಲಿಗೆ ತಂದಿದ್ದರೆ? ಚರಟ ಕುಡಿಯುವ 80 ಕುಡಿದೇ ಕುಡಿಯುತ್ತದೆ, ಕೈಗೆ ಬರುವುದು 20. ಹಾಗಾಗಿ ಬೇರು ಒಳಗಿರುವಾಗ ಪೂರ್ತಿ ಬತ್ತಿಸುವುದನ್ನು ಬಿಟ್ಟಿದ್ದೇನೆ. ನೀರು ಇನ್ನೂ ಧಾರಾಳವಾಗಿ ಇರುವಾಗಲೇ ಸೋಸಿ ಹಿಂಡಿ, ಎರಡನೆಯ ನೀರನ್ನೂ ಕೂಡಿಸಿ, ಆಮೇಲೆ ಬರೀ ತಿಳಿಯನ್ನು ಸಣ್ಣ ಉರಿಯಲ್ಲಿ ಬೇಕಾದಷ್ಟಕ್ಕೆ ಇಳಿಸುತ್ತೇನೆ. ಕೊನೆಯ ಹಂತದಲ್ಲಿ ತಳ ಸೀಯದಂತೆ ಕೈಯಾಡಿಸುತ್ತಿರಬೇಕು.

ಇದನ್ನು ಓದಿ ಯಾರೂ ಒಲೆಯ ಕಡೆ ಓಡಬಾರದು ಎಂದು ಇಲ್ಲಿಯೇ ಹೇಳುತ್ತೇನೆ. ಹೆಚ್ಚು ಸಾರ ಇಳಿಸಿದಿರಿ ಎಂದರೆ ಅದೇ ಲೋಟದಲ್ಲಿ ಹೆಚ್ಚು ಔಷಧ ಇದೆ ಎಂದರ್ಥ. ಜ್ಯೇಷ್ಠಮಧುವನ್ನೇ ತೆಗೆದುಕೊಳ್ಳಿ. ಅದರ ಸಿಹಿ ಮತ್ತು ನೊರೆ ಎರಡಕ್ಕೂ ಕಾರಣವಾದ ಗ್ಲಿಸಿರೈಜಿನ್ ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ದಿನಕ್ಕೆ 100 ಮಿಲಿಗ್ರಾಂ ಮೀರದಿರಲಿ ಎಂಬುದು ಯುರೋಪಿನ ಆಹಾರ ಪರಿಣತರ ಸಲಹೆ. ಬೇರಿನಲ್ಲಿ ಅದು ನೂರಕ್ಕೆ ಎರಡೇ ಪಾಲು ಇದ್ದರೂ 50 ಗ್ರಾಂ ಬೇರಿನಲ್ಲಿ 1,000 ಮಿಲಿಗ್ರಾಂ ಆಯಿತು. ನಾನು ಅಷ್ಟು ಕುದಿಸಿದ್ದು ತೂಗಿ ನೋಡಲು, ಕುಡಿಯಲು ಅಲ್ಲ. ಕಷಾಯದ ಪ್ರಮಾಣವನ್ನು ಲೋಟದ ಲೆಕ್ಕದಲ್ಲಿ ಕೇಳಬೇಡಿ, ಒಣ ಬೇರು ಎಷ್ಟು ಗ್ರಾಂ ಎಂದು ಕೇಳಿ, ಅದೂ ಬಲ್ಲ ವೈದ್ಯರನ್ನು ಕೇಳಿ. ಅಮೃತಬಳ್ಳಿಯ ಕಷಾಯ ತಿಂಗಳುಗಟ್ಟಲೆ ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಅದು ಸೌಮ್ಯವಾಗುವುದಿಲ್ಲ. ಸಾರ ಇಲ್ಲದಿದ್ದರೆ ನಾವು ಅದನ್ನು ಕುದಿಸುತ್ತಲೇ ಇರಲಿಲ್ಲವಲ್ಲ.

ಕುದಿಸಲೇಬಾರದ ಸಾಮಗ್ರಿಗಳೂ ಇವೆ. ತುಳಸಿ ಕುದಿಯುವಾಗ ಮನೆಯೆಲ್ಲ ಘಮಘಮಿಸುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ನನಗೆ ಈಗ ಆ ಪರಿಮಳ ಬಂದರೆ ಸಂಕಟವಾಗುತ್ತದೆ. ಮೂಗಿಗೆ ಬಂದದ್ದು ಲೋಟಕ್ಕೆ ಬರುವುದಿಲ್ಲ. ಯೂಜಿನಾಲ್‌ನಂಥ ಸುಗಂಧ ತೈಲಗಳು ನೀರಾವಿಯ ಬೆನ್ನೇರಿ ಹೊರಟುಹೋಗುತ್ತವೆ; ತೈಲ ಬಟ್ಟಿ ಇಳಿಸುವವರು ಮಾಡುವುದೂ ಇದನ್ನೇ, ಆದರೆ ಅವರು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತಾರೆ. ತುಳಸಿ, ಪುದೀನಗಳಿಗೆ ಸುಡುನೀರು ಸುರಿದು, ಮುಚ್ಚಿ, ಹತ್ತು ನಿಮಿಷ ಬಿಡಬೇಕು. ಆಯುರ್ವೇದ ಇದಕ್ಕೆ ಫಾಂಟ ಎಂದು ಬೇರೆ ಹೆಸರನ್ನೇ ಇಟ್ಟಿದೆ. ಇಡೀ ರಾತ್ರಿ ತಣ್ಣೀರಿನಲ್ಲಿ ನೆನೆಸುವುದು ಹಿಮ. ಹಸಿ ರಸ ಸ್ವರಸ, ಅರೆದದ್ದು ಕಲ್ಕ, ಕುದಿಸಿದ್ದು ಕ್ವಾಥ. ಹೀಗೆ ಐದು ದಾರಿಗಳಿವೆ. ನಾವು ಮಾತ್ರ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸುತ್ತೇವೆ. ಫಾಂಟ ಮುಗಿದ ಮೇಲೆ ಮುಚ್ಚಳ ತೆಗೆದು, ಒಳಮೈಗೆ ಅಂಟಿದ ಹನಿಗಳನ್ನು ಮೂಸಿ ನೋಡಿ. ಆ ಹನಿಗಳನ್ನು ಲೋಟಕ್ಕೇ ತಟ್ಟಿಬಿಡಿ.

ಇನ್ನು ಕೆಲವು ಸಾಮಗ್ರಿಗಳಿಗೆ ನೀರೇ ಆಗದು. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಂಟು ರಾಳಗಳೂ ಹಾಗೆಯೇ. ಗಂಟೆಗಟ್ಟಲೆ ಕುದಿಸಿದರೂ ಅವು ಚರಟದಲ್ಲೇ ಉಳಿಯುತ್ತವೆ, ಎರಡನೆಯ ನೀರು, ಮೂರನೆಯ ನೀರು ಯಾವುದಕ್ಕೂ ಜಗ್ಗುವುದಿಲ್ಲ.

ಈ ವಿಷಯ ಬಂದಾಗಲೆಲ್ಲ ನನಗೆ ಚೀನಾದ ಔಷಧ ವಿಜ್ಞಾನಿ ತೂ ಯೂಯೂ ನೆನಪಾಗುತ್ತಾರೆ. ಮಲೇರಿಯಾಕ್ಕೆ ಹಳೆಯ ಗ್ರಂಥಗಳಲ್ಲಿ ಮದ್ದು ಹುಡುಕುತ್ತಿದ್ದ ಅವರ ತಂಡಕ್ಕೆ ಚಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೈಕೊಡುತ್ತಿತ್ತು. 4ನೆಯ ಶತಮಾನದ ಚೀನೀ ವೈದ್ಯ ಗೆ ಹೊಂಗ್ ಬರೆದಿಟ್ಟ ಸೂಚನೆಯನ್ನು ಅವರು ಮತ್ತೆ ಓದಿದರು: ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಬೇಕು. ಕುದಿಸು ಎಂಬ ಮಾತು ಅಲ್ಲಿ ಇರಲೇ ಇಲ್ಲ. ಬಿಸಿಯೇ ಗುಣವನ್ನು ಕೆಡಿಸುತ್ತಿರಬಹುದು ಎಂದು ಊಹಿಸಿ, ಸುಮಾರು 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ ಆ ಸಾರ ಇಲಿಗಳ ಮಲೇರಿಯಾವನ್ನು ಪೂರ್ತಿ ಗುಣಪಡಿಸಿತು. ಆರ್ಟಿಮಿಸಿನಿನ್ ಎಂಬ ಮಲೇರಿಯಾ ಮದ್ದು ಕೈಗೆ ಬಂದದ್ದು ಹಾಗೆ. ಅವರಿಗೆ ನೊಬೆಲ್ ಬಂದದ್ದು 2015ರಲ್ಲಿ. ಇಷ್ಟೆಲ್ಲ ನಿಂತದ್ದು, ಬರೆದವನು ಏನನ್ನು ಬರೆಯಲಿಲ್ಲ ಎಂಬುದನ್ನು ಒಬ್ಬರು ಗಮನಿಸಿದ್ದರ ಮೇಲೆ.

ಇದರ ಇನ್ನೊಂದು ಮಗ್ಗುಲು ವತ್ಸನಾಭಿ. ಅದರ ಗೆಡ್ಡೆಯ ಅಕೋನಿಟೀನ್ ಹೃದಯದ ಬಡಿತವನ್ನೇ ತಪ್ಪಿಸಿ ಕೊಲ್ಲುವ ವಿಷ. ದೀರ್ಘಕಾಲ ನೀರಿನಲ್ಲಿ ಕುದಿಸಿದರೆ ಅದರ ಅಣು ಒಡೆದು ಬೆನ್ಸೋಯಿಲ್‌ಅಕೋನೀನ್, ಆಮೇಲೆ ಅಕೋನೀನ್ ಆಗುತ್ತದೆ. ವಿಷ ಬಹುಪಾಲು ಇಳಿಯುತ್ತದೆ. ಅದಕ್ಕೇ ಚೀನೀ ವೈದ್ಯರು ಅಂಥ ಗೆಡ್ಡೆಗಳನ್ನು ಮೊದಲು ಒಲೆಗಿಟ್ಟು, ಬಹಳ ಹೊತ್ತು ಬೇಯಿಸಿ, ಆಮೇಲೆ ಉಳಿದವನ್ನು ಸೇರಿಸುತ್ತಾರೆ. ಪುದೀನದಂಥವನ್ನು ಇಳಿಸುವ ಐದು ನಿಮಿಷ ಮೊದಲು ಹಾಕುತ್ತಾರೆ. ವತ್ಸನಾಭಿಯನ್ನು ಮನೆಯಲ್ಲಿ ಯಾರೂ ಮುಟ್ಟಬಾರದು, ಅದು ಬೇರೆ ಮಾತು. ಆದರೆ ಸರದಿಯಂತೆ ಹಾಕುವ ಈ ಕ್ರಮ ನನಗೆ ಬಹಳ ಹಿಡಿಸಿದೆ. ಬೇರು ಮತ್ತು ತೊಗಟೆ ಮೊದಲು, ಕಾಂಡ ಮತ್ತು ಬೀಜ ನಡುವೆ, ಪರಿಮಳದ ಎಲೆ ಒಲೆ ಆರಿಸಿದ ಮೇಲೆ. ಒಂದೇ ಪಾತ್ರೆ ಬೇಕೆನ್ನುವವರು ಇಷ್ಟಾದರೂ ಮಾಡಬಹುದು.

ಮಾಡಿದ ಕಷಾಯವನ್ನು ಅಂದೇ ಮುಗಿಸುತ್ತೇನೆ. ಸಕ್ಕರೆ, ಪಿಷ್ಟ, ನೀರು ಮೂರೂ ಇರುವ ಕಡೆ ಸೂಕ್ಷ್ಮಜೀವಿಗಳು ಬೇಗ ಮನೆ ಮಾಡುತ್ತವೆ. ಮೇಲೆ ಪೊರೆ ಕಟ್ಟಿದರೆ, ಹುಳಿ ವಾಸನೆ ಬಂದರೆ, ಮತ್ತೆ ಕುದಿಸಿ ಸರಿಮಾಡುವ ಯೋಚನೆಯನ್ನೂ ಮಾಡುವುದಿಲ್ಲ.

ಈ ವಾರ ಒಲೆಯ ಮೇಲಿರುವುದು ಮರದರಿಶಿನದ ಚಕ್ಕೆ. ಅದರ ಹಳದಿ ಬರ್ಬೆರಿನ್‌ನದು. ನೀರು ಬೆಚ್ಚಗಾಗುವಾಗ ಚಕ್ಕೆಯ ಅಂಚಿನಿಂದ ಹಳದಿ ಎಳೆಗಳು ಹೊಗೆಯಂತೆ ಕೆಳಗಿಳಿಯುವುದನ್ನು ಗಾಜಿನ ಪಾತ್ರೆಯಲ್ಲಿ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಈ ಬಾರಿ ತಕ್ಕಡಿಯ ಜೊತೆಗೆ ನೇರಳಾತೀತ ಬೆಳಕಿನ ಒಂದು ಪುಟ್ಟ ಟಾರ್ಚ್ ಇದೆ, ಏಕೆಂದರೆ ಆ ಬೆಳಕಿನಲ್ಲಿ ಬರ್ಬೆರಿನ್ ಹೊಳೆಯುತ್ತದೆ. ನಿನ್ನೆ ರಾತ್ರಿ ಮೊದಲ ನೀರು ಹಿಂಡಿದ ಮೇಲೆ ದೀಪ ಆರಿಸಿ ಚರಟಕ್ಕೆ ಟಾರ್ಚ್ ಹಿಡಿದೆ. ಇಡೀ ಬಟ್ಟೆ ಹಳದಿ ಕೆಂಡದ ಹಾಗೆ ಉರಿಯುತ್ತಿತ್ತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಇಷ್ಟೂ ಇನ್ನೂ ಒಳಗೇ ಇದೆಯಾ?" ಎಂದರು. ಎರಡನೆಯ ನೀರು ಹಿಂಡಿದ ಮೇಲೆ ಮಂಕಾಯಿತು, ಆದರೆ ಆರಲಿಲ್ಲ. ಒಂದು ದಪ್ಪ ಚಕ್ಕೆಯನ್ನು ಮುರಿದು ನೋಡಿದರೆ ಹೊರಗೆಲ್ಲ ಮಂಕು, ನಟ್ಟನಡುವೆ ಕಡಲೆಕಾಳಿನಷ್ಟು ಜಾಗ ಮಾತ್ರ ಮೊದಲಿನಷ್ಟೇ ಹೊಳೆಯುತ್ತಿದೆ. ಅದನ್ನು ಇನ್ನೂ ಸಣ್ಣಗೆ ಕುಟ್ಟಿ ಮೂರನೆಯ ನೀರಿಗೆ ಹಾಕಿದ್ದೇನೆ.